ಒಳಕೋಣೆಯ ಸರ್ವರ್ ಏಳುವವರೆಗೆ

ಪಾಂಡವಪುರದ ಕಣ್ಣಾಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿಯ ಹಿಂದೆ ಲಕ್ಷ್ಮಿದೇವಮ್ಮನವರು ಕುಳಿತು ಹತ್ತೊಂಬತ್ತು ವರ್ಷಗಳಾಗಿದ್ದವು. ಒಂದು ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು, ಮಗನದೋ ಸೊಸೆಯದೋ ಭುಜ ಹಿಡಿದು ಬರುವವರಿಗೆ ಆ ಕಿಟಕಿಯೇ ಆಸ್ಪತ್ರೆಯ ಬಾಗಿಲು. ಬರುವವರಲ್ಲಿ ಅರ್ಧ ಜನ ಹಳೆಯ ಚೀಟಿ ಕಳೆದುಕೊಂಡೇ ಬರುತ್ತಿದ್ದರು. ಹೆಸರು ಕೇಳಿದರೆ "ಮಾಯಮ್ಮ" ಎನ್ನುವರು. ನಾಗಮಂಗಲದಾಚೆ ದೇವಲಾಪುರದ ಕಡೆಯಿಂದಲೇ ಐದು ಜನ ಮಾಯಮ್ಮಂದಿರು ಬರುತ್ತಿದ್ದರು. ಯಾರದು ಎಡಗಣ್ಣು, ಯಾರದು ಬಲಗಣ್ಣು, ಯಾರಿಗೆ ಸಕ್ಕರೆ ಕಾಯಿಲೆಯಿಂದ ಆಪರೇಷನ್ ಮುಂದಕ್ಕೆ ಹೋಗಿದೆ ಎನ್ನುವುದೆಲ್ಲ ಲಕ್ಷ್ಮಿದೇವಮ್ಮನವರಿಗೆ ಬಾಯಿಪಾಠ. ದನಿ ಕೇಳಿದೊಡನೆ "ಬಂದ್ರಾ? ಬಸ್ಸಲ್ಲಿ ಸೀಟು ಸಿಕ್ತಾ?" ಎಂದು ಅವರು ಕೇಳಿದರೆ ಕಣ್ಣು ಕಾಣದವರ ಮುಖವೂ ಅರಳುತ್ತಿತ್ತು. ಮೈಸೂರಿನಲ್ಲಿ ಬಿ.ಎ. ಓದಿದವರಿಗೆ ಬೇರೆಲ್ಲಾದರೂ ಇದಕ್ಕಿಂತ ದೊಡ್ಡ ಕೆಲಸ ಸಿಗುತ್ತಿತ್ತೇನೋ. ಈ ಕಿಟಕಿ ಸಿಕ್ಕಿದ್ದು ತಮ್ಮ ಪುಣ್ಯ ಎಂದೇ ಅವರು ತಿಳಿದಿದ್ದರು. ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ಆ ವರ್ಷವೂ ಇದೇ ಕುರ್ಚಿಯಲ್ಲಿ ಕಳೆದುಹೋದರೆ ಸಾಕು ಎನ್ನುವುದಕ್ಕಿಂತ ಹೆಚ್ಚಿನ ಆಸೆ ಅವರಿಗಿರಲಿಲ್ಲ.

ತೊಂಬತ್ತೆಂಟರ ಯುಗಾದಿಯ ಹೊತ್ತಿಗೆ ಆಸ್ಪತ್ರೆಯ ಟ್ರಸ್ಟಿನವರು ಮೂರು ಕಂಪ್ಯೂಟರು ತಂದರು. ಒಂದು ಕಿಟಕಿಯ ಬಳಿ ಲಕ್ಷ್ಮಿದೇವಮ್ಮನವರಿಗೆ. ಒಂದು ಔಷಧದ ಕೋಣೆಯಲ್ಲಿ ನರ್ಸ್ ಯಶೋಧಳಿಗೆ. ಮೂರನೆಯದು ಒಳಗಿನ ಸಣ್ಣ ಕೋಣೆಯಲ್ಲಿ, ಅದರ ಮುಂದೆ ಯಾರೂ ಕೂರುತ್ತಿರಲಿಲ್ಲ. ಅದಕ್ಕೆ ಸರ್ವರ್ ಎಂದು ಹೆಸರು. ರೋಗಿಗಳ ವಿವರವೆಲ್ಲ ಇದ್ದದ್ದು ಅದರೊಳಗೆ. ಉಳಿದೆರಡು ಯಂತ್ರಗಳು ಕಪ್ಪು ಕೇಬಲ್ಲಿನ ಮೂಲಕ ಆ ವಿವರವನ್ನು ತಮ್ಮದೇ ಕಪಾಟು ಎನ್ನುವಂತೆ ತೆರೆದು ನೋಡುತ್ತಿದ್ದವು. ಆ ಕಪಾಟಿಗೆ ಎಫ್ ಡ್ರೈವ್ ಎನ್ನುತ್ತಿದ್ದರು. ಬೆಳಿಗ್ಗೆ ಕಂಪ್ಯೂಟರು ಏಳುವಾಗ ತಾನೇ ಹೋಗಿ ಎಫ್ ಡ್ರೈವನ್ನು ಜೋಡಿಸಿಕೊಳ್ಳಬೇಕು. ಜೋಡಿಸಿಕೊಂಡರೆ ಹದಿಮೂರು ಸಾವಿರ ಜನರ ಕಾರ್ಡು ಬೆರಳ ತುದಿಯಲ್ಲಿ. ಇಲ್ಲವಾದರೆ ಮುಂದಿರುವುದು ಬರಿಯ ಗಾಜಿನ ಪೆಟ್ಟಿಗೆ.

ಐವತ್ತಾರನೆಯ ವಯಸ್ಸಿನಲ್ಲಿ ಲಕ್ಷ್ಮಿದೇವಮ್ಮನವರು ಅದನ್ನೆಲ್ಲ ಕಲಿತರು. ಹಳೆಯ ಕಾರ್ಡುಗಳನ್ನು ತಾವೇ ಒಂದೊಂದಾಗಿ ಒಳಗೆ ಸೇರಿಸಿದರು. ಮೂರು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಜುಲೈ ತಿಂಗಳಿನಿಂದ ತೊಂದರೆ ಶುರುವಾಯಿತು.

ಶ್ರೀರಂಗಪಟ್ಟಣದಿಂದ ಅವರು ಬರುತ್ತಿದ್ದ ಬಸ್ಸಿನ ವೇಳೆ ಬದಲಾದದ್ದೂ ಆಗಲೇ. ಎಂಟು ಹತ್ತಕ್ಕೆ ಆಸ್ಪತ್ರೆ ತಲುಪುತ್ತಿದ್ದವರು ಎಂಟು ನಲವತ್ತಕ್ಕೆ ತಲುಪತೊಡಗಿದರು. ಬರುವಷ್ಟರಲ್ಲಿ ಅಟೆಂಡರ್ ಕುಳ್ಳಯ್ಯ ಕಸ ಗುಡಿಸಿ, ಕುಡಿಯುವ ನೀರು ತುಂಬಿಸಿ, ಅವರ ಕಂಪ್ಯೂಟರನ್ನೂ ಹಚ್ಚಿಟ್ಟಿರುತ್ತಿದ್ದ. ಒಳಕೋಣೆಯಲ್ಲಿರುವ ಹಾಜರಿ ಪುಸ್ತಕವನ್ನು ಕೂಡ ತಂದು ಮೇಜಿನ ಮೇಲೆ ಇಟ್ಟಿರುತ್ತಿದ್ದ. ಮಂಡಿನೋವಿನ ಹೆಂಗಸು ಅಷ್ಟು ದೂರ ನಡೆಯಬಾರದು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಲಕ್ಷ್ಮಿದೇವಮ್ಮನವರು ದಿನವೂ ಸಹಿ ಹಾಕುವಾಗ ಮನಸ್ಸಿನಲ್ಲೇ ಅವನಿಗೆ ಒಳ್ಳೆಯದಾಗಲಿ ಎನ್ನುತ್ತಿದ್ದರು.

ಆದರೆ ಎಫ್ ಡ್ರೈವ್ ಇರುತ್ತಿರಲಿಲ್ಲ. ಮಾಯಮ್ಮ ಎಂದು ಬೆರಳಚ್ಚಿಸಿದರೆ ಕಡತ ಸಿಗಲಿಲ್ಲ ಎಂದು ಉತ್ತರ. ಒಮ್ಮೆ ಆರಿಸಿ ಹಚ್ಚಿದರೆ, ಸರ್ವರಿನ ಹೆಸರೇ ಗೊತ್ತಿಲ್ಲ ಎನ್ನುವ ಅರ್ಥದ ಇಂಗ್ಲಿಷ್ ಚೌಕವೊಂದು ತೆರೆಯ ಮೇಲೆ ಬಂದು ನಿಲ್ಲುತ್ತಿತ್ತು. ಇನ್ನೊಮ್ಮೆ ಆರಿಸಿ ಹಚ್ಚಿದರೂ ಅದೇ. ಅಷ್ಟರಲ್ಲಿ ಕಿಟಕಿಯ ಮುಂದೆ ನಲವತ್ತು ಜನ. ನಾಲ್ಕು ಗಂಟೆಗೆ ಎದ್ದು ಎರಡು ಬಸ್ಸು ಹತ್ತಿ ಬಂದವರು ನಿಂತಲ್ಲೇ ಕಾಲು ಬದಲಿಸುತ್ತಿದ್ದರು.

ಕಂಪ್ಯೂಟರು ನೋಡಿಕೊಳ್ಳುವ ರವೀಂದ್ರನ ಅಂಗಡಿ ಕೃಷ್ಣರಾಜಪೇಟೆಯ ಬಸ್ ಸ್ಟ್ಯಾಂಡಿನ ಎದುರಿಗಿತ್ತು. ಹದಿನೈದು ವರ್ಷ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡಿಕೊಂಡಿದ್ದವನು, ನಲವತ್ತು ದಾಟಿದ ಮೇಲೆ ಮೈಸೂರಿಗೆ ಹೋಗಿ ಕಂಪ್ಯೂಟರು ಕಲಿತು ಬಂದಿದ್ದ. ಅಂಗಡಿ ತೆರೆಯುತ್ತಿದ್ದದ್ದು ಒಂಬತ್ತೂಕಾಲಿಗೆ. ಲಕ್ಷ್ಮಿದೇವಮ್ಮನವರು ಆಗ ಫೋನು ಮಾಡಿದರೆ, "ಆರ್ಸಿ ಹಚ್ಚಿ ಅಮ್ಮಾವ್ರೆ" ಎನ್ನುವನು. ಆರಿಸಿ ಹಚ್ಚಿದರೆ ಎಫ್ ಡ್ರೈವ್ ಬಂದೇಬಿಡುವುದು!

"ಬಂತು ಕಣಪ್ಪ."

"ನೋಡುದ್ರಾ? ನನ್ ದನಿ ಕೇಳುದ್ರೆ ಸಾಕು, ಬೆಚ್ಚಿಬಿದ್ದು ಕೆಲ್ಸ ಮಾಡ್ತದೆ."

ಆದರೂ ಎರಡು ಸಲ ಅವನೇ ಬಸ್ಸು ಹತ್ತಿ ಬಂದ. ಬರುವಾಗ ಹನ್ನೊಂದು ಗಂಟೆ. ಆಗ ಯಂತ್ರ ಜಾಣ ಹುಡುಗನ ಹಾಗೆ ಎಲ್ಲ ಹೇಳಿದಂತೆ ಕೇಳುತ್ತಿತ್ತು. ಮೊದಲ ಸಲ ಕೇಬಲ್ ಬದಲಿಸಿದ. ಎರಡನೆಯ ಸಲ ಯಂತ್ರದ ಹೊಟ್ಟೆ ಬಿಚ್ಚಿ ಕೇಬಲ್ ಸಿಕ್ಕಿಸುವ ಕಾರ್ಡನ್ನೇ ಬದಲಿಸಿದ. ಮಾರನೆಯ ಬೆಳಿಗ್ಗೆ ಮತ್ತೆ ಅದೇ ಕತೆ.

ಎಲ್ಲಕ್ಕಿಂತ ಕಷ್ಟವಾದದ್ದೆಂದರೆ ಯಶೋಧಳ ಕಂಪ್ಯೂಟರಿನಲ್ಲಿ ಒಂದು ದಿನವೂ ತೊಂದರೆ ಇರಲಿಲ್ಲ. ಔಷಧದ ಕೋಣೆಯ ಬೀಗದ ಕೈ ಅವಳ ಹತ್ತಿರವೇ ಇರುತ್ತಿತ್ತು. ಒಂಬತ್ತೂವರೆಗೆ ಬಂದು, ಬೀಗ ತೆಗೆದು, ಗುಂಡಿ ಒತ್ತಿದರೆ ಎಲ್ಲ ಸರಿ. "ಅಮ್ಮ, ನೀವು ಏನಾದ್ರೂ ಬೇರೆ ಒತ್ತುಬುಡ್ತೀರೇನೋ" ಎಂದು ಅವಳು ಮೆಲ್ಲಗೆ ಕೇಳಿದಳು. ಕೇಳಿದ್ದಕ್ಕೆ ತಾನೇ ನಾಚಿಕೊಂಡು, ಮಧ್ಯಾಹ್ನ ತನ್ನ ಡಬ್ಬಿಯ ಅವರೆಕಾಳಿನ ಸಾರನ್ನು ಅರ್ಧಕ್ಕಿಂತ ಹೆಚ್ಚೇ ಅವರ ತಟ್ಟೆಗೆ ಸುರಿದಳು.

ಆಗಸ್ಟ್ ಎರಡನೆಯ ವಾರದ ಮಂಗಳವಾರ ಟ್ರಸ್ಟಿನ ಕಾರ್ಯದರ್ಶಿ ಶಿವಲಿಂಗಯ್ಯನವರು ಬಂದು ಕಿಟಕಿಯ ಒಳಗೇ ಒಂದು ಸ್ಟೂಲು ಎಳೆದುಕೊಂಡು ಕುಳಿತರು. ದೊಡ್ಡ ಮೈಯ, ಚಿಕ್ಕ ದನಿಯ ಮನುಷ್ಯ.

"ಲಕ್ಷ್ಮಿದೇವಮ್ನೋರೆ, ನಂಗೆ ಹೇಳಕ್ಕೇ ಬ್ಯಾಸ್ರ. ದಿನಾ ಬೆಳಿಗ್ಗೆ ಮುಕ್ಕಾಲು ಗಂಟೆ ಜನ ನಿಂತ್ಕತಾವ್ರೆ. ಮೊನ್ನೆ ಬಿಸ್ಲಲ್ಲಿ ನಿಂತು ಒಬ್ಬ ಯಜಮಾನ ತಲೆ ತಿರುಗಿ ಬಿದ್ದ. ನಮ್ ಶ್ರೀರಂಗಪಟ್ಟಣದ ಶಾಖೆಯೋರು ನಮ್ಗೊಂದು ಕಂಪ್ಯೂಟರ್ ಕೊಡಿ ಅಂತ ಕೂತವ್ರೆ. ಶನಿವಾರ ನಾನೇ ಬೆಳಿಗ್ಗೆ ಬಂದು ನೋಡ್ತೀನಿ. ಅವತ್ತೂ ಇಂಗೇ ಆದ್ರೆ ಇದ್ನ ಅಲ್ಲಿಗೆ ಕಳ್ಸೋದು. ಚೀಟಿ ಕೆಲ್ಸ ಯಶೋಧನ ಕೋಣೆಗೆ ಹೋಗ್ಲಿ."

"ನಾನು?"

"ಉಗ್ರಾಣ ನೋಡ್ಕಳಿ. ಹೊದಿಕೆ, ಹತ್ತಿ, ಬ್ಯಾಂಡೇಜು. ಅಲ್ಲಿ ಗಲಾಟೆ ಇಲ್ಲ, ಜನ ಇಲ್ಲ. ಆರಾಮಾಗಿರ್ತೀರಿ."

ಜನ ಇಲ್ಲ ಎನ್ನುವುದನ್ನು ಅವರು ಉಪಕಾರವೆಂದೇ ಹೇಳಿದ್ದರು. ಲಕ್ಷ್ಮಿದೇವಮ್ಮನವರಿಗೆ ಅದು ಗೊತ್ತಿತ್ತು. ಅದಕ್ಕೇ ಸಿಟ್ಟು ಮಾಡಿಕೊಳ್ಳಲಾಗಲಿಲ್ಲ. "ಆಗಲಿ ಸಾರ್" ಎಂದರು. ಅವರು ಹೋದ ಮೇಲೆ ಹೊರಗೆ ಯಾರೋ "ಚೀಟಿ ಕೊಡವ್ವಾ" ಎಂದು ಮೂರು ಸಲ ಕೂಗಿದ ಮೇಲೆಯೇ ಕಿಟಕಿಯ ಕಡೆ ತಿರುಗಿದ್ದು.

ರವೀಂದ್ರ ಹೇಳಿದ್ದನೆಂದು ಅವರು ಒಂದು ನೋಟ್‌ಬುಕ್ಕಿನಲ್ಲಿ ದಿನದ ತೊಂದರೆಯನ್ನು ಬರೆದಿಡುತ್ತಿದ್ದರು. ತಾರೀಖು, ಬಂದ ಹೊತ್ತು, ತೆರೆಯ ಮೇಲೆ ಬಂದ ಮಾತು, ಸರಿಯಾದ ಹೊತ್ತು. ಆ ಸಂಜೆ ಬಸ್ಸಿನಲ್ಲಿ ಕುಳಿತು ಅದನ್ನು ಮೊದಲಿನಿಂದ ಓದಿದರು. ಹೊರಗೆ ಆಲೆಮನೆಯ ಬೆಲ್ಲದ ವಾಸನೆ, ಕಿರಂಗೂರಿನ ಬಳಿ ಕಬ್ಬು ತುಂಬಿದ ಎತ್ತಿನ ಗಾಡಿಗಳ ಸಾಲು. ಬಸ್ಸು ನಿಂತು ನಿಂತು ಹೋಗುತ್ತಿದ್ದದ್ದು ಅವರಿಗೆ ಅನುಕೂಲವೇ ಆಯಿತು.

ಮೂವತ್ತೊಂದು ದಿನಗಳಲ್ಲಿ ಮೂರು ದಿನ ಮಾತ್ರ ಏನೂ ತೊಂದರೆಯಾಗಿರಲಿಲ್ಲ. ಆ ಮೂರು ದಿನಗಳೂ ಒಟ್ಟಿಗೆ ಇದ್ದವು. ಯಾವ ದಿನಗಳವು ಎಂದು ಬೆರಳು ಮಡಿಸಿ ಲೆಕ್ಕ ಹಾಕಿದರು. ಕುಳ್ಳಯ್ಯನ ಮಗಳು ಹೆತ್ತದ್ದು ಆಗಲೇ. ಅವನು ಮೂರು ದಿನ ರಜೆ ಹಾಕಿ ಹೋಗಿದ್ದ. ಯಶೋಧ ಆಸ್ಪತ್ರೆಯ ಬಾಗಿಲು ತೆರೆದಿದ್ದಳು.

ಅಂದರೆ ಕುಳ್ಳಯ್ಯ ಇದ್ದ ದಿನವೆಲ್ಲ ತೊಂದರೆ. ಇಲ್ಲದ ದಿನ ಇಲ್ಲ.

ಅವರು ನೋಟ್‌ಬುಕ್ಕನ್ನು ಮುಚ್ಚಿಬಿಟ್ಟರು. ಇದನ್ನು ಶಿವಲಿಂಗಯ್ಯನವರಿಗೆ ತೋರಿಸಿದರೆ ತಮ್ಮ ಕುರ್ಚಿ ಉಳಿಯುತ್ತದೆ, ಆ ಬಡಪಾಯಿಯ ಮೇಲೆ ಎಂಥ ಹೆಸರು ಬರುತ್ತದೋ. ಅವನ ಕೈಗುಣ ಸರಿಯಿಲ್ಲ ಎನ್ನುತ್ತಾರೆ. ಯಂತ್ರ ಮುಟ್ಟಬೇಡ ಎನ್ನುತ್ತಾರೆ. ಮುಂಜಾನೆ ಬಾಗಿಲು ತೆರೆಯುವ ಕೀಲಿಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆಯುವಾಗ ಅವನ ಮುಖದಲ್ಲಿ ಇರುವ ಹೆಮ್ಮೆಯನ್ನು ಅವರು ಎಷ್ಟು ಸಲ ನೋಡಿರಲಿಲ್ಲ! ಮನೆಗೆ ಬಂದು ತಂಗಿ ಬಡಿಸಿದ್ದನ್ನು ಉಂಡರು. ಏನು ಉಂಡೆನೆಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಬುಧವಾರ ರವೀಂದ್ರನಿಗೆ ಫೋನು ಮಾಡಿ, ದನಿ ತಗ್ಗಿಸಿ, ಇದ್ದದ್ದನ್ನು ಇದ್ದಂತೆ ಹೇಳಿದರು.

ರವೀಂದ್ರ ನಗಲಿಲ್ಲ. "ಅಮ್ಮಾವ್ರೆ, ಯಂತ್ರಕ್ಕೆ ಕೈಗುಣ ಗೊತ್ತಾಗಕಿಲ್ಲ. ಗುಂಡಿ ಗೊತ್ತಾಯ್ತದೆ, ವ್ಯಾಳೆ ಗೊತ್ತಾಯ್ತದೆ, ಅಷ್ಟೇಯ. ತಪ್ಪು ನಂದೂ ಐತೆ. ಕಾಯ್ಲೆ ಬೆಳಿಗ್ಗೆ ಬರೋದು, ನಾನು ಹನ್ನೊಂದು ಗಂಟೆಗೆ ಬಂದು ನಾಡಿ ಹಿಡ್ದು ನೋಡ್ತಿದ್ದೆ. ನಾಳೆ ಫಸ್ಟ್ ಬಸ್ಸಿಗೆ ಬರ್ತೀನಿ. ನೀವೂ ಬನ್ನಿ. ಕುಳ್ಳಯ್ಯಂಗೆ ಹೇಳ್ಬ್ಯಾಡಿ. ಹೇಳುದ್ರೆ ಅವ್ನು ದಿನದಂಗೆ ಮಾಡಕಿಲ್ಲ."

ಗುರುವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಇಬ್ಬರೂ ಕುಳಿತಿದ್ದರು. ರವೀಂದ್ರ ಕೆ.ಆರ್.ಪೇಟೆಯಿಂದ ಐದೂವರೆಗೆ ಹೊರಟು ಬಂದಿದ್ದ. ಕಣ್ಣು ಕೆಂಪಗಿತ್ತು. ಅವರಿಗಾಗಿ ಬೆಂಚಿನ ಗಾಳಿಯಿಲ್ಲದ ಕಡೆಯನ್ನು ಬಿಟ್ಟು ತಾನು ಬಾಗಿಲ ಕಡೆ ಕುಳಿತಿದ್ದ. ಕುಳ್ಳಯ್ಯ ಬಂದು ಬಾಗಿಲು ತೆರೆದು ಒಳಗೆ ಹೋದ. ಐದು ನಿಮಿಷ ಬಿಟ್ಟು ಇವರು ಹೋಗಿ, ಚೀಟಿ ಕಿಟಕಿಯ ಪಕ್ಕದ ಕಂಬದ ಮರೆಯಲ್ಲಿ ನಿಂತರು. ಕಳ್ಳರಂತೆ ನಿಂತಿದ್ದೇವಲ್ಲ ಎಂದು ಲಕ್ಷ್ಮಿದೇವಮ್ಮನವರಿಗೆ ಮೈಯೆಲ್ಲ ಹಿಡಿಯಾಯಿತು.

ಕುಳ್ಳಯ್ಯ ಮೊದಲು ಅವರ ಮೇಜಿನ ಬಳಿಗೇ ಬಂದ. ಹೆಗಲ ಮೇಲಿನ ಟವೆಲ್ಲಿನಿಂದ ಕುರ್ಚಿಯನ್ನು ಒರೆಸಿದ. ಇನ್ನೊಂದು ಒಣ ಬಟ್ಟೆಯಿಂದ ತೆರೆಯ ಗಾಜನ್ನು, ಮಗುವಿನ ಮುಖ ಒರೆಸುವಷ್ಟು ಮೆಲ್ಲಗೆ ಒರೆಸಿದ. ಮೇಜಿನ ಕೆಳಗೆ ಕಾಲಿಡುವ ಮಣೆಯನ್ನು ಸರಿ ಮಾಡಿದ. ಆ ಮಣೆ ಎಲ್ಲಿಂದ ಬಂತೆಂದು ಅವರು ಎಂದೂ ಯೋಚಿಸಿರಲಿಲ್ಲ. ಆಮೇಲೆ ಚಪ್ಪಲಿ ಬಿಟ್ಟು, ಕಂಪ್ಯೂಟರಿನ ಗುಂಡಿ ಒತ್ತಿ, ಕೈಕಟ್ಟಿ ನಿಂತ. ಯಂತ್ರ ಗೊರಗುಟ್ಟುತ್ತಾ ಎದ್ದಿತು. ಹೆಸರು ಕೇಳುವ ಚೌಕ ಬಂತು, ಅವನು ಎಂಟರ್ ಗುಂಡಿ ಒತ್ತಿದ. ಅದನ್ನು ಅವರೇ ಎಂದೋ ತೋರಿಸಿಕೊಟ್ಟಿದ್ದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಚೌಕ ಬಂತು. ಸರ್ವರಿನ ಹೆಸರೇ ಸಿಗುತ್ತಿಲ್ಲ ಎನ್ನುವ ಅದೇ ಚೌಕ. ಅದಕ್ಕೂ ಎಂಟರ್ ಒತ್ತಿದ. ತೆರೆ ತಿಳಿಯಾಯಿತು. ತೃಪ್ತಿಯಿಂದ ಚಪ್ಪಲಿ ಮೆಟ್ಟಿ, ಪೊರಕೆ ತೆಗೆದುಕೊಂಡು ವರಾಂಡಕ್ಕೆ ಹೋದ.

ಗುಡಿಸಿದ. ನೀರು ತುಂಬಿಸಿದ. ಬೆಂಚುಗಳನ್ನು ಸಾಲಾಗಿ ಎಳೆದ. ಎಂಟು ಮೂವತ್ತೈದಕ್ಕೆ ಎಲ್ಲ ಮುಗಿದ ಮೇಲೆ, ಹಾಜರಿ ಪುಸ್ತಕ ತರಲು ಒಳಕೋಣೆಗೆ ಹೋದವನು ಅಲ್ಲಿದ್ದ ಸರ್ವರಿನ ಗುಂಡಿಯನ್ನು ಒತ್ತಿದ್ದು ಇವರಿಗೆ ಕೇಳಿಸಿತು.

ರವೀಂದ್ರ ತಲೆಯ ಮೇಲೆ ಕೈ ಇಟ್ಟುಕೊಂಡ. "ಥೂ ನನ್ನ! ಒಂದ್ ತಿಂಗ್ಳಿಂದ ಕೇಬಲ್ಲು ಕೇಬಲ್ಲು ಅಂತ ಒದ್ದಾಡ್ತಾವ್ನಿ ಅಮ್ಮಾವ್ರೆ. ಕಪಾಟು ಇರೋ ಮನೆ ಬಾಗ್ಲೇ ತೆಗ್ದಿರ್ನಿಲ್ಲ. ನಿಮ್ದು ಎಂಟು ಗಂಟೆಗೇ ಹೋಗಿ ಬಾಗ್ಲು ತಟ್ತದೆ. ಒಳ್ಗಿರೋನು ಇನ್ನೂ ಎದ್ದಿರಕಿಲ್ಲ. ತಟ್ಟಿ ಸಾಕಾಗಿ ಸುಮ್ನಾಯ್ತದೆ."

ಲಕ್ಷ್ಮಿದೇವಮ್ಮನವರಿಗೂ ಆಗ ಎಲ್ಲ ಹೊಳೆಯಿತು. ಹಳೆಯ ಬಸ್ಸಿನ ಕಾಲದಲ್ಲಿ ಅವರೇ ಒಳಕೋಣೆಗೆ ಹೋಗಿ ಹಾಜರಿ ಹಾಕುತ್ತಿದ್ದರು, ಹಾಗೆಯೇ ಸರ್ವರನ್ನೂ ಹಚ್ಚುತ್ತಿದ್ದರು. ಕಾಫಿ ಕುಡಿದು, ಮೇಜು ಒರೆಸಿ, ಆಮೇಲೆ ತಮ್ಮದು. ಕುಳ್ಳಯ್ಯನಿಲ್ಲದ ಆ ಮೂರು ದಿನ ಯಶೋಧ ಎಂಟಕ್ಕೇ ಬಂದು ಸರ್ವರ್ ಹಚ್ಚಿದ್ದಳು, ಇವರು ತಮ್ಮದನ್ನು ಬಂದ ಮೇಲೆ ಹಚ್ಚಿಕೊಂಡಿದ್ದರು. ಉಳಿದ ಇಪ್ಪತ್ತೆಂಟು ದಿನ ಬಂದ ತಕ್ಷಣ ಯಂತ್ರ ಸಿದ್ಧವಾಗಿರುತ್ತಿತ್ತು. ಅದನ್ನು ಅವರು ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ತೊಂದರೆಗಳ ಪಟ್ಟಿಯಲ್ಲಿ ಉಪಕಾರವನ್ನು ಯಾರು ಬರೆಯುತ್ತಾರೆ?

"ಲೇ ಕುಳ್ಳಯ್ಯ!" ಎಂದು ರವೀಂದ್ರ ಕೂಗಿದ. ಅವರು ತಟ್ಟನೆ ಅವನ ತೋಳು ಹಿಡಿದರು. "ಮೆಲ್ಲಗೆ ಕಣಪ್ಪ."

ಕುಳ್ಳಯ್ಯ ಪುಸ್ತಕ ಹಿಡಿದು ಬಂದು ಇಬ್ಬರನ್ನೂ ನೋಡಿ ಬೆರಗಾದ. "ಇದೇನ್ ಅಮ್ಮಾವ್ರೆ, ಇಷ್ಟ್ ಬ್ಯಾಗ?"

"ಬಾರ್ಲಾ ಇಲ್ಲಿ, ಕೂತ್ಕೊ" ಎಂದ ರವೀಂದ್ರ. "ದಿನಾ ಮೊದ್ಲು ಅಮ್ಮಾವ್ರದ್ನೇ ಯಾಕ್ಲಾ ಹಚ್ಚದು?"

"ಇನ್ಯಾರ್ದು ಹಚ್ಲಿ? ಇಲ್ಲಿ ಎಲ್ಲಾರ್ಗಿಂತ ದೊಡ್ಡೋರು ಅವ್ರೇ ತಾನೆ. ದೊಡ್ಡೋರಿಂದ ಸುರು ಮಾಡ್ಬೇಕು."

"ಒಳಗಿಂದು?"

"ಅದ್ರ ಮುಂದೆ ಯಾರೂ ಕುತ್ಕಳಾಕಿಲ್ವಲ್ಲ. ಯಾವಾಗ ಹಚ್ಚುದ್ರೇನು?"

"ಆ ಚೌಕ ಬತ್ತದಲ್ಲ, ಅದ್ಕೇನ್ ಮಾಡ್ತೀಯೆ?"

"ಅದು ದಿನಾ ಏನೋ ಕೇಳ್ತದೆ. ನಾನು ಊಂ ಅಂತೀನಿ. ಸುಮ್ಕಾಯ್ತದೆ. ಪಾಪ, ಅಮ್ಮಾವ್ರು ಬಂದ್ಮೇಲೆ ಅವ್ರ ತಲೆ ಯಾಕ್ ತಿನ್ಲಿ ಅದು?"

ರವೀಂದ್ರನಿಗೆ ನಗು ತಡೆಯಲಾಗಲಿಲ್ಲ. ಲಕ್ಷ್ಮಿದೇವಮ್ಮನವರಿಗೆ ಮಾತ್ರ ಕಣ್ಣು ತುಂಬಿ ಬಂತು. ತೊಂದರೆ ಎಂಟು ಗಂಟೆಗೇ ಶುರುವಾಗುತ್ತಿದೆ ಎಂದು ಹೇಳುವ ಮಾತೇ ತಮ್ಮ ಕಣ್ಣಿಗೆ ಬೀಳದಂತೆ ಅವನು ದಿನವೂ ಬಾಚಿ ಹಾಕುತ್ತಿದ್ದ, ಕಸದ ಜೊತೆಗೆ.

"ನೋಡು" ಎಂದ ರವೀಂದ್ರ, ನಗು ನುಂಗಿಕೊಂಡು. "ಮದ್ವೆ ಮನೇಲಿ ಅಡುಗೆ ಆಗೋಕ್ ಮುಂಚೆ ದೊಡ್ಡೋರ್ನ ಎಲೆ ಮುಂದೆ ಕೂರ್ಸುದ್ರೆ ಮರ್ಯಾದೆಯೇನ್ಲಾ? ಒಳಗಿರೋನು ಅಡುಗೆಯೋನು. ಅಮ್ಮಾವ್ರ ಎಲೆಗೆ, ಯಶೋಧಮ್ಮನ ಎಲೆಗೆ, ಎಲ್ಲಾದ್ಕೂ ಅವ್ನೇ ಬೇಯಿಸ್ಬೇಕು. ಸಾಲ್ದು ಅಂತ ಸಂಜೆ ಮೈನ್ ಸ್ವಿಚ್ ಎಳ್ದುಬುಡ್ತೀಯೆ. ಉರಿಯೋ ಒಲೆಗೆ ನೀರು ಹುಯ್ದಂಗೆ. ಬೆಳಿಗ್ಗೆ ಎದ್ದೋನು ಎಲ್ಲಾ ಪಾತ್ರೆ ತಡಕ್ಕಂಡು, ನೆಟ್ಟಗೈತಾ ನೋಡ್ಕಂಡು, ಆಮೇಲೆ ಒಲೆ ಹಚ್ತಾನೆ. ಅದ್ಕೇ ಅರ್ಧ ಗಂಟೆ ಬೇಕು."

ಕುಳ್ಳಯ್ಯನ ಮುಖ ಇಳಿದುಹೋಯಿತು. "ಅಂಗಾರೆ ಅಮ್ಮಾವ್ರಿಗೆ ಇಷ್ಟು ದಿನ ಬೈಗುಳ ಬಿದ್ದದ್ದು ನನ್ನಿಂದ್ಲಾ?"

"ಯಾರೂ ಬೈದಿಲ್ಲ ಕುಳ್ಳಯ್ಯ."

"ಸೆಕ್ರೆಟ್ರಿ ಸಾಹೇಬ್ರು ಉಗ್ರಾಣ ಅಂದದ್ದು ನಂಗ್ ಕೇಳ್ತು. ನೀರಿನ್ ಹಂಡೆ ತಾವೇ ಇದ್ದೆ." ಅವನು ತಲೆ ಎತ್ತಲಿಲ್ಲ. "ಇನ್ನು ನಾನು ಯಾವ್ದ್ನೂ ಮುಟ್ಟಕಿಲ್ಲ ಬುಡಿ."

ಲಕ್ಷ್ಮಿದೇವಮ್ಮನವರು ಅವನ ಪಕ್ಕದ ಬೆಂಚಿನಲ್ಲಿ ಕುಳಿತರು. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದರೂ ಒಂದೇ ಬೆಂಚಿನಲ್ಲಿ ಕುಳಿತದ್ದು ಅದೇ ಮೊದಲು. "ನನ್ನ ಗಂಡ ಹೋದ ಮೇಲೆ ನಾನು ಬರುವ ಮೊದಲೇ ನನಗಾಗಿ ಏನಾದರೂ ಸಿದ್ಧ ಮಾಡಿಟ್ಟವರು ಬಹಳ ಜನ ಇಲ್ಲ ಕಣಪ್ಪ. ನೀನು ಮುಟ್ಟಲ್ಲ ಅಂದರೆ ಉಗ್ರಾಣಕ್ಕೆ ಹೋದಷ್ಟೇ ಬೇಜಾರಾಗತ್ತೆ ನನಗೆ" ಎಂದರು.

ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದು ಹೋದ. ಹೋಗುವಾಗ ಬೆಂಚಿನ ತುದಿ ಎಡವಿದ.

ಸುಲಭದ ದಾರಿಯೆಂದರೆ ಯಾವುದನ್ನು ಮೊದಲು ಹಚ್ಚಬೇಕು ಎಂದು ಬರೆದು ಗೋಡೆಗೆ ಅಂಟಿಸುವುದು. ರವೀಂದ್ರ ಹಾಳೆ ತೆಗೆದದ್ದೂ ಆಯಿತು. ಕುಳ್ಳಯ್ಯ ವರಾಂಡದಲ್ಲಿ ಸುಮ್ಮನೆ ನಿಂತಿರುವುದು ಕಿಟಕಿಯಿಂದ ಕಾಣುತ್ತಿತ್ತು. ರವೀಂದ್ರ ಸ್ವಲ್ಪ ಹೊತ್ತು ಅತ್ತ ನೋಡಿ ಹಾಳೆಯನ್ನು ಮಡಿಸಿ ಜೇಬಿಗಿಟ್ಟ.

"ಅಮ್ಮಾವ್ರೆ, ಅವ್ನಿಗೆ ಬುದ್ದಿ ಹೇಳೋದ್ಕಿಂತ ಯಂತ್ರಕ್ಕೆ ಬುದ್ದಿ ಹೇಳೋದು ಸಲೀಸು. ಬಾಗ್ಲು ತೆಗೀಲಿಲ್ಲ ಅಂದ್ರೆ ಬಂದ್ಬುಡದು ಯಾಕೆ? ಜಗಲಿ ಮೇಲೆ ಕುಂತು ವಸಿ ಹೊತ್ತು ಬುಟ್ಟು ಮತ್ತೆ ತಟ್ಲಿ. ತೆಗೆಯೋ ಗಂಟ ತಟ್ಲಿ."

ಮಧ್ಯಾಹ್ನದವರೆಗೆ ಅವನು ಅವರ ಕುರ್ಚಿಯಲ್ಲಿ ಕುಳಿತು ಹತ್ತೋ ಹನ್ನೆರಡೋ ಸಾಲು ಬರೆದ. ಅವರು ಪಕ್ಕದಲ್ಲಿ ನಿಂತು ಹಳೆಯ ಪದ್ಧತಿಯಂತೆ ಕೈಯಲ್ಲೇ ಚೀಟಿ ಬರೆದು ಕೊಟ್ಟರು. ಅವನು ಬರೆದದ್ದರ ಅರ್ಥ ಇಷ್ಟೇ: ಎಫ್ ಡ್ರೈವನ್ನು ಕೇಳು. ಸಿಗದಿದ್ದರೆ ಅರ್ಧ ನಿಮಿಷ ತಾಳು. ಮತ್ತೆ ಕೇಳು. ಸಿಕ್ಕಿದ ಮೇಲೆಯೇ ಮುಂದಕ್ಕೆ ಹೋಗು. ಕಾಯುವಾಗ ತೆರೆಯ ಮೇಲೆ ಏನಾದರೂ ಕಾಣಿಸಬೇಕಲ್ಲ ಎಂದು, ಇಂಗ್ಲಿಷ್ ಅಕ್ಷರಗಳಲ್ಲಿ "ವಸಿ ತಡೀರಿ" ಎಂದು ಬರೆದ. ಬೇಕಂತಲೇ ಯಂತ್ರಗಳನ್ನು ಹಿಂದುಮುಂದಾಗಿ ಹಚ್ಚಿ ಮೂರು ಸಲ ನೋಡಿದ. ಸರ್ವರನ್ನು ಸಂಜೆ ಹೇಗೆ ಮೆಲ್ಲಗೆ ಮಲಗಿಸಬೇಕೆಂದು ಕುಳ್ಳಯ್ಯನ ಕೈ ಹಿಡಿದು ಕಲಿಸಿದ. "ನೀನು ಅಮ್ಮಾವ್ರದ್ನೇ ಮೊದ್ಲು ಹಚ್ಕೊ, ಬ್ಯಾಡ ಅನ್ನಕಿಲ್ಲ. ಹಚ್ಚುದ್ ಕೂಡ್ಲೆ ಒಳಗಿಂದ್ನೂ ಹಚ್ಬುಟ್ಟು ಆಮೇಲೆ ಪೊರಕೆ ಹಿಡಿ." ಹನ್ನೆರಡರ ಬಸ್ಸು ತಪ್ಪಿತ್ತು. ಯಶೋಧಳ ಡಬ್ಬಿ ಆವತ್ತು ಮೂರು ಪಾಲಾಯಿತು.

ಶುಕ್ರವಾರ ಬೆಳಿಗ್ಗೆ ಎಫ್ ಡ್ರೈವ್ ಇತ್ತು. ಆದರೆ ಆ ಸಂಜೆ ಸರ್ವರನ್ನು ಮಲಗಿಸುವ ಮೊದಲೇ ಇಡೀ ಊರಿನ ಕರೆಂಟು ಹೋಯಿತು.

ಶನಿವಾರ ಎಂಟು ಗಂಟೆಗೆ ಶಿವಲಿಂಗಯ್ಯನವರು ಬಂದಾಗ ಲಕ್ಷ್ಮಿದೇವಮ್ಮನವರೂ ಬಂದಿದ್ದರು. ಕುಳ್ಳಯ್ಯ ಅವರ ಯಂತ್ರ ಹಚ್ಚಿ, ಓಡಿಹೋಗಿ ಸರ್ವರ್ ಹಚ್ಚಿ, ಓಡಿಬಂದು ನಿಂತ. ತೆರೆಯ ಮೇಲೆ ಒಂದು ಸಾಲು ಮೂಡಿತು: ವಸಿ ತಡೀರಿ. ಅರ್ಧ ನಿಮಿಷಕ್ಕೆ ಅದರ ಕೆಳಗೆ ಇನ್ನೊಂದು. ಮತ್ತೊಂದು. ಹತ್ತು ನಿಮಿಷದಲ್ಲಿ ತೆರೆ ಪೂರ್ತಿ ಅದೇ ಮಾತು.

"ಇದೇನ್ರೀ" ಎಂದರು ಶಿವಲಿಂಗಯ್ಯನವರು, ಕನ್ನಡಕ ಸರಿಪಡಿಸಿಕೊಂಡು. "ತಡೀರಿ ತಡೀರಿ ಅಂತಾನೇ ಐತೆ. ಎಷ್ಟೊತ್ತು?"

"ನಿನ್ನೆ ಸಂಜೆ ಕರೆಂಟು ಹೋಯಿತಲ್ಲ ಸಾರ್. ಒಳಗಿನದು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದೆ. ಮುಗಿಯುವವರೆಗೆ ಇದು ಕಾಯತ್ತೆ."

"ನಂದೇ ತಪ್ಪು ಸಾ" ಎಂದುಬಿಟ್ಟ ಕುಳ್ಳಯ್ಯ. "ಇಷ್ಟು ದಿನ ಆದದ್ದೆಲ್ಲಾ ನನ್ನಿಂದ್ಲೇ. ನಾನು ಹಿಂದುಮುಂದಾಗಿ ಹಚ್ತಿದ್ದೆ. ಉಗ್ರಾಣಕ್ಕೆ ನನ್ನೇ ಹಾಕಿ."

ಶಿವಲಿಂಗಯ್ಯನವರು ಲಕ್ಷ್ಮಿದೇವಮ್ಮನವರ ಮುಖ ನೋಡಿದರು. ಒಂದು ಮಾತಿನಲ್ಲಿ ಹೌದು ಎಂದರೆ ಸಾಕಿತ್ತು.

"ಅವನದು ತಪ್ಪಲ್ಲ ಸಾರ್. ಕಂಪ್ಯೂಟರು ಒತ್ತುವುದನ್ನು ಅವನಿಗೆ ಕಲಿಸಿದವಳು ನಾನು. ಎಂಟರ್ ಒತ್ತು ಎಂದೆ. ಒಳಗೊಂದು ಇದೆ, ಅದು ಏಳದೆ ಇದು ಏಳುವುದಿಲ್ಲ ಎಂದು ಹೇಳಲಿಲ್ಲ. ನನಗೇ ಗೊತ್ತಿರಲಿಲ್ಲ. ಅವನು ನನ್ನ ಕಾಲುನೋವು ನೋಡಿ ಮಾಡಿದ್ದು."

ಶಿವಲಿಂಗಯ್ಯನವರು ಸ್ಟೂಲು ಎಳೆದುಕೊಂಡು ಕುಳಿತರು. ಹೊರಗೆ ಜನ ಸೇರತೊಡಗಿದ್ದರು. ಎಂಟೂವರೆ. ಎಂಟು ಮೂವತ್ತೈದು. ಲಕ್ಷ್ಮಿದೇವಮ್ಮನವರ ಕೈ ತಾನಾಗಿ ಆರಿಸುವ ಗುಂಡಿಯ ಕಡೆ ಹೋಗುತ್ತಿತ್ತು. ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು. ಹತ್ತೂ ಬೆರಳು ಮಡಿಸಿಕೊಂಡು ಕಾಯುವುದು ಅವರ ಜನ್ಮದಲ್ಲಿ ಅಷ್ಟು ಕಷ್ಟವಾದದ್ದಿಲ್ಲ.

ಕಿಟಕಿ ತೆರೆಯುವ ಎಂಟು ನಲವತ್ತಕ್ಕೆ ಎರಡು ನಿಮಿಷ ಇರುವಾಗ ಸಾಲುಗಳೆಲ್ಲ ಅಳಿಸಿಹೋದವು. ಯಾರೂ ಏನನ್ನೂ ಮುಟ್ಟಲಿಲ್ಲ. ರೋಗಿಯ ಹೆಸರು ಕೇಳುವ ಹಸಿರು ಗೆರೆ ತಾನಾಗಿ ಬಂದು ಮಿಣುಕಿತು.

"ಬಂತಾ?" ಎಂದರು ಶಿವಲಿಂಗಯ್ಯನವರು, ದನಿ ಇನ್ನೂ ಚಿಕ್ಕದು ಮಾಡಿ.

ಲಕ್ಷ್ಮಿದೇವಮ್ಮನವರು ಕಿಟಕಿ ತೆರೆದರು. ಮೊದಲು ನಿಂತಿದ್ದವರು ನಾಗಮಂಗಲದ ಸೋಮಮ್ಮ, ಎಡಗಣ್ಣಿಗೆ ಬಟ್ಟೆ. "ಬಂದ್ರಾ ಸೋಮಮ್ಮ?" ಎನ್ನುತ್ತಾ ಬೆರಳಚ್ಚಿಸಿದರು. ಕಾರ್ಡು ಬಂತು. ಆಪರೇಷನ್ನಿನ ತಾರೀಖು, ಡಾಕ್ಟರು ಬರೆದ ಔಷಧ, ಎಲ್ಲ. ಶಿವಲಿಂಗಯ್ಯನವರು ಬಗ್ಗಿ ನೋಡಿ, ಗೋಡೆಯ ಗಡಿಯಾರ ನೋಡಿ, ಎದ್ದು ನಿಂತರು.

"ಕಿಟಕಿ ತೆಗಿಯೋಕ್ ಮುಂಚೇನೇ ಬಂತು. ಇನ್ನೇನು?" ಎಂದರು. "ಶ್ರೀರಂಗಪಟ್ಟಣದೋರಿಗೆ ನಾನೂ ವಸಿ ತಡೀರಿ ಅಂತೀನಿ. ಅವ್ರಿಗೆ ಬ್ಯಾರೆ ಹುಡ್ಕಣ." ಬಾಗಿಲ ಬಳಿ ಕುಳ್ಳಯ್ಯನ ಬೆನ್ನ ಮೇಲೆ ಒಂದು ಪೆಟ್ಟು ಕೊಟ್ಟರು. "ಉಗ್ರಾಣಕ್ಕೆ ನೀನು ಹೋದ್ರೆ ಇಲ್ಲಿ ಬಾಗ್ಲು ತೆಗಿಯೋರ್ ಯಾರ್ಲಾ?"

ಸೋಮಮ್ಮನಿಗೆ ಇದೊಂದೂ ಅರ್ಥವಾಗಲಿಲ್ಲ. ಕಿಟಕಿಯ ಸರಳು ಹಿಡಿದು, "ಅಮ್ಮಾ, ಇನ್ನೊಂದ್ ಕಣ್ಣಿಂದು ಸಂಕ್ರಾಂತಿ ಕಳ್ದ್ ಮ್ಯಾಲೆ ಅಂದವ್ರೆ ಡಾಕ್ಟ್ರು. ಅವಾಗ್ಲೂ ಇಲ್ಲಿ ನೀವೇ ಇರ್ತೀರಾ? ಬ್ಯಾರೆಯೋರಾದ್ರೆ ನಂಗೆ ಹೇಳಕ್ಕಾಗಕಿಲ್ಲ" ಎಂದಳು.

"ಇರ್ತೀನಿ ಸೋಮಮ್ಮ" ಎಂದು ಲಕ್ಷ್ಮಿದೇವಮ್ಮನವರು ಚೀಟಿಯನ್ನು ಅವಳ ಕೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿ ಭದ್ರ ಮಾಡಿದರು. ಕುಳ್ಳಯ್ಯ ಆಗಲೇ ಬಂದು ಅವಳ ಭುಜ ಹಿಡಿದು, ಮೆಟ್ಟಿಲು ಎಲ್ಲಿದೆಯೆಂದು ಹೇಳುತ್ತಾ ಡಾಕ್ಟರ ಕೋಣೆಯ ಕಡೆ ನಡೆಸಿಕೊಂಡು ಹೊರಟಿದ್ದ.